ಬರೀ ‘ಗ್ಯಾಸ್ಟ್ರಿಕ್’ ಅಂದರೆ ಲೆಕ್ಕಕ್ಕೆ ಸಿಗೋದಿಲ್ಲ!

ಈ ವಾರ ನಮಗೆ ಬಂದ ಪತ್ರಗಳಲ್ಲಿ ಒಂದು ನಾಯಂಡಹಳ್ಳಿಯದು. ಮಗಳ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಎರಡೂ ಬದಿ ತುಂಬಿದ ಬರಹ, ಕೊನೆಯಲ್ಲಿ ಹೆಸರಿಲ್ಲ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಇಲ್ಲಿ ಕೊಡುತ್ತಿದ್ದೇವೆ.

‘ಮೇಡಂ, ನಾನು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ವಯಸ್ಸು ಮೂವತ್ತನಾಲ್ಕು. ಎರಡು ವರ್ಷದಿಂದ ಹೊಟ್ಟೆ ಹಿಂಡುತ್ತೆ. ಒಂದು ವಾರ ದಿನಕ್ಕೆ ನಾಲ್ಕು ಸಲ ಓಡಬೇಕು, ಇನ್ನೊಂದು ವಾರ ಕೂತರೂ ಆಗೋದಿಲ್ಲ. ಹೋಗಿ ಬಂದ ಮೇಲೆ ಸ್ವಲ್ಪ ಹಗುರ ಅನಿಸುತ್ತೆ. ಬಸ್ಸು ಜಂಕ್ಷನ್‌ನಲ್ಲಿ ನಿಂತುಬಿಟ್ಟರೆ ಭಯಕ್ಕೇ ಬೆವರುತ್ತೀನಿ. ಅದಕ್ಕೇ ಬೆಳಿಗ್ಗೆ ತಿಂಡಿ ಬಿಟ್ಟಿದ್ದೀನಿ, ನೀರೂ ಕುಡಿಯೋಲ್ಲ. ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಎಲ್ಲಾ ಆಯ್ತು, ಎಲ್ಲಾ ನಾರ್ಮಲ್ ಅಂದರು. ನಾರ್ಮಲ್ ಆದರೆ ನೋವು ಯಾಕೆ? ಮನೆಯವರು ಕೆಲಸಕ್ಕೆ ಚಕ್ಕರ್ ಹೊಡೆಯೋಕೆ ನಾಟಕ ಅಂತಾರೆ. ನನಗೊಬ್ಬಳಿಗೇನಾ ಹೀಗೆ? ಎಷ್ಟು ಜನಕ್ಕೆ ಇರುತ್ತೆ ಇದು? ಕೆಲಸ ಬಿಟ್ಟುಬಿಡಲಾ?’

ನಾಯಂಡಹಳ್ಳಿ ಜಂಕ್ಷನ್ ನೋಡಿದವರಿಗೆ ಆ ಬೆವರು ಅರ್ಥವಾಗುತ್ತೆ. ಮೈಸೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ಜಾಗ. 2021ರಿಂದ ಮೆಟ್ರೊ ತಲೆಯ ಮೇಲೆ ಓಡುತ್ತಿದ್ದರೂ ಕೆಳಗೆ ಬಸ್ಸು, ಲಾರಿಗಳ ಸಾಲು ಕರಗುವುದಿಲ್ಲ. ಹೊಟ್ಟೆ ಗಟ್ಟಿ ಇದ್ದವರಿಗೇ ಅಲ್ಲಿ ತಾಳ್ಮೆ ಕೆಡುತ್ತೆ. ಹೊಟ್ಟೆ ಕೆಟ್ಟವರ ಪಾಡು ಕೇಳಬೇಕೆ?

ಪತ್ರ ಓದಿ ರೋಗ ಹೇಳುವುದು ನಮ್ಮ ಕೆಲಸವಲ್ಲ, ಅದನ್ನು ವೈದ್ಯರೇ ಮಾಡಬೇಕು. ಆದರೆ ಈ ಗೆಳತಿ ಬರೆದಂಥ ಲಕ್ಷಣಗಳಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ. ಇರಿಟಬಲ್ ಬೊವೆಲ್ ಸಿಂಡ್ರೋಮ್, ಚಿಕ್ಕದಾಗಿ ಐಬಿಎಸ್. ಮಾತು ಮಾತಿಗೂ ಸಿಟ್ಟಾಗುವ ಕರುಳು ಅಂದುಕೊಳ್ಳಿ. ಕರುಳಲ್ಲಿ ಹುಣ್ಣಿಲ್ಲ, ಗಡ್ಡೆ ಇಲ್ಲ, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣೋದಿಲ್ಲ. ಕರುಳಿಗೂ ಮೆದುಳಿಗೂ ನಡುವೆ ನಡೆಯುವ ಸಂದೇಶದ ಓಡಾಟದಲ್ಲಿ ಏರುಪೇರು. ಕರುಳಿನ ನರಗಳು ಸಣ್ಣ ಸೆಳೆತವನ್ನೂ ದೊಡ್ಡ ನೋವಾಗಿ ಮುಟ್ಟಿಸುತ್ತವೆ. ಹಾಗಾಗಿ ‘ಎಲ್ಲಾ ನಾರ್ಮಲ್’ ಅನ್ನುವುದೂ ನಿಜ, ನೋವೂ ನಿಜ. ನಾಟಕ ಅಂದ ಯಜಮಾನರಿಗೆ ಈ ಪುಟವನ್ನು ದಯವಿಟ್ಟು ತೋರಿಸಿ.

ಸರಿ, ಎಷ್ಟು ಜನಕ್ಕೆ ಇದೆ? ಪ್ರಶ್ನೆ ಸುಲಭ, ಉತ್ತರ ಅಷ್ಟು ಸುಲಭ ಇಲ್ಲ. ಆ ಉತ್ತರದಲ್ಲೇ ನಮ್ಮ ನಿಮ್ಮೆಲ್ಲರ ಕಥೆ ಅಡಗಿದೆ ನೋಡಿ.

ಜರಡಿ ಬದಲಾದರೆ ತರಿಯೂ ಬದಲು

ರಕ್ತ ಕಡಿಮೆ ಇದೆಯೇ ಅಂತ ತಿಳಿಯೋಕೆ ಬೆರಳಿಗೆ ಚುಚ್ಚಿದರೆ ಸಾಕು. ಹಾಗೆ ಚುಚ್ಚಿ ನೋಡಿದ್ದರಿಂದಲೇ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಅಂತ ಗೊತ್ತಾಯ್ತು. ಬಿಪಿಗೆ ಮೆಷಿನ್ ಇದೆ, ಶುಗರ್‌ಗೆ ಸ್ಟ್ರಿಪ್ ಇದೆ. ಐಬಿಎಸ್‌ಗೆ ಅಂಥ ಯಾವ ಮೆಷಿನ್ನೂ ಇಲ್ಲ. ಅದನ್ನು ಅಳೆಯುವ ಸಾಧನ ಒಂದೇ: ಪ್ರಶ್ನೆ. ಕೇಳಬೇಕು, ನೀವು ಹೇಳಬೇಕು. ಕೇಳುವ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತೆ.

ಈ ಪ್ರಶ್ನೆಗಳನ್ನು ಜಗತ್ತಿನ ತಜ್ಞರು ಕೂತು ಗೊತ್ತುಮಾಡುತ್ತಾರೆ. ರೋಮ್ ನಗರದಲ್ಲಿ ಶುರುವಾದ ಕೆಲಸವಾದ್ದರಿಂದ ಅದಕ್ಕೆ ‘ರೋಮ್ ಮಾನದಂಡ’ ಅಂತಲೇ ಹೆಸರು. 2006ರ ಮೂರನೇ ಆವೃತ್ತಿಯ ಪ್ರಕಾರ ತಿಂಗಳಿಗೆ ಕನಿಷ್ಠ ಮೂರು ದಿನ ಹೊಟ್ಟೆನೋವು ಅಥವಾ ಹೊಟ್ಟೆಯ ಕಿರಿಕಿರಿ ಇರಬೇಕಿತ್ತು. 2016ರಲ್ಲಿ ನಾಲ್ಕನೆಯ ಆವೃತ್ತಿ ಬಂತು. ಅದರಲ್ಲಿ ಕಿರಿಕಿರಿ ಲೆಕ್ಕಕ್ಕಿಲ್ಲ, ನೋವೇ ಇರಬೇಕು. ಅದೂ ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಬಂದಿರಬೇಕು. ಜೊತೆಗೆ ಆ ನೋವಿಗೂ ಮೋಷನ್‌ಗೂ ಸಂಬಂಧ, ಎಷ್ಟು ಸಲ ಹೋಗುತ್ತೀರಿ ಅನ್ನುವುದರಲ್ಲಿ ವ್ಯತ್ಯಾಸ, ಮಲದ ರೂಪದಲ್ಲಿ ವ್ಯತ್ಯಾಸ – ಈ ಮೂರರಲ್ಲಿ ಎರಡು ಇರಬೇಕು. ಶುರುವಾಗಿ ಆರು ತಿಂಗಳಾದರೂ ಆಗಿರಬೇಕು.

ಇದರಿಂದ ಏನಾಯ್ತು ಗೊತ್ತೇ? ಭಾರತವೂ ಸೇರಿ 33 ದೇಶಗಳ 73,076 ಜನರನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ಇಂಟರ್ನೆಟ್ ಮೂಲಕ ಉತ್ತರಿಸಿದವರಲ್ಲಿ ಹಳೆಯ ಮಾನದಂಡದ ಪ್ರಕಾರ ನೂರಕ್ಕೆ 10.1 ಮಂದಿಗೆ ಐಬಿಎಸ್. ಹೊಸದರ ಪ್ರಕಾರ 4.1 ಮಂದಿಗೆ ಮಾತ್ರ. ಯಾರ ಹೊಟ್ಟೆಯೂ ರಾತ್ರೋರಾತ್ರಿ ವಾಸಿಯಾಗಲಿಲ್ಲ. ಜರಡಿ ಬದಲಾಯಿತು, ಅಷ್ಟೇ! ರವೆ ಅದೇ ಇದ್ದರೂ ಕಣ್ಣು ಸಣ್ಣದಿರುವ ಜರಡಿಯಲ್ಲಿ ಉಳಿಯುವ ತರಿ ಬೇರೆ, ದೊಡ್ಡ ಕಣ್ಣಿನ ಜರಡಿಯಲ್ಲಿ ಉಳಿಯುವುದು ಬೇರೆ ಅಂತ ಅಡುಗೆಮನೆಯಲ್ಲಿ ಇರುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಆದ್ದರಿಂದ ಮುಂದೆ ಎಲ್ಲಾದರೂ ‘ಇಷ್ಟು ಶೇಕಡಾ ಜನರಿಗೆ ಹೊಟ್ಟೆಯ ಸಮಸ್ಯೆ’ ಅಂತ ಓದಿದರೆ, ಯಾವ ಜರಡಿ ಅಂತ ಒಂದು ಸಲ ಕೇಳಿಕೊಳ್ಳಿ.

‘ನೋವೇನಿಲ್ಲ, ಬರೀ ಗ್ಯಾಸ್ಟ್ರಿಕ್ಕು’

ಕಿರಿಕಿರಿ ಅನ್ನುವುದನ್ನು ತಜ್ಞರು ಕೈಬಿಟ್ಟಿದ್ದಕ್ಕೆ ಒಂದು ಕಾರಣ ಭಾಷೆ. ಇಂಗ್ಲಿಷಿನ ಆ ಒಂದು ಪದಕ್ಕೆ ಎಷ್ಟೋ ಭಾಷೆಗಳಲ್ಲಿ ಸರಿಯಾದ ಪದ ಸಿಗಲಿಲ್ಲ, ಸಿಕ್ಕಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಂಡರು.

ನಮ್ಮ ಕನ್ನಡವನ್ನೇ ನೋಡಿ. ಹೊಟ್ಟೆ ಹಿಂಡುತ್ತೆ, ತೊಳಸುತ್ತೆ, ಉಬ್ಬರಿಸುತ್ತೆ, ಗುಡುಗುಡು ಅನ್ನುತ್ತೆ, ಕಟ್ಟಿಕೊಂಡ ಹಾಗಿದೆ, ಸಂಕಟ ಆಗುತ್ತೆ... ಒಂದೊಂದಕ್ಕೂ ಒಂದೊಂದು ಅರ್ಥ. ಇಷ್ಟೆಲ್ಲ ಚೆಂದದ ಮಾತುಗಳನ್ನು ಅಟ್ಟಕ್ಕೆ ಹಾಕಿ, ಎದೆಯುರಿಯಿಂದ ಹಿಡಿದು ಬೇಧಿಯವರೆಗೆ ಎಲ್ಲದಕ್ಕೂ ನಾವು ಒಂದೇ ಮುದ್ರೆ ಒತ್ತುತ್ತೇವೆ: ‘ಗ್ಯಾಸ್ಟ್ರಿಕ್’! ಬಾಗಿಲಿಗೆ ಬಂದವರು ‘ಹೊಟ್ಟೆನೋವು ಇದೆಯಾಮ್ಮಾ?’ ಅಂದರೆ ‘ನೋವೇನಿಲ್ಲ, ಬರೀ ಗ್ಯಾಸ್ಟ್ರಿಕ್ಕು’ ಅನ್ನುತ್ತೇವೆ. ಅವರು ‘ಇಲ್ಲ’ ಅಂತ ಗುರುತು ಹಾಕಿ ಮುಂದಿನ ಮನೆಗೆ ಹೋಗುತ್ತಾರೆ. ನೀವು ಲೆಕ್ಕದಿಂದ ಹೊರಗೆ!

ಮಲಬದ್ಧತೆಯದ್ದೂ ಇದೇ ಕಥೆ. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಅನ್ನುವುದು ಪಶ್ಚಿಮದವರ ಲೆಕ್ಕ. ನಮ್ಮಲ್ಲಿ ಹೆಚ್ಚಿನವರು ದಿನಕ್ಕೊಮ್ಮೆಯಾದರೂ ಹೋಗುವವರು. ದಿನಾ ಹೋದರೂ ತಿಣುಕಬೇಕು, ಪೂರ್ತಿ ಆಗಲಿಲ್ಲ ಅನ್ನುವ ಭಾವನೆ ಹೋಗೋದಿಲ್ಲ ಅನ್ನುವವರು ಆ ಲೆಕ್ಕದಲ್ಲಿ ಸಿಗುವುದೇ ಇಲ್ಲ. ಅದಕ್ಕೇ ಎಷ್ಟು ಸಲ ಅನ್ನುವುದರ ಜೊತೆಗೆ ರೂಪ ಹೇಗಿತ್ತು ಅಂತಲೂ ಕೇಳಬೇಕು.

ಆಸ್ಪತ್ರೆಯ ಸಾಲು ಬೇರೆ, ಮನೆಯ ಬಾಗಿಲು ಬೇರೆ

ಇನ್ನೊಂದು ವಿಚಿತ್ರ ಕೇಳಿ. ಪಶ್ಚಿಮದ ದೇಶಗಳಲ್ಲಿ ಐಬಿಎಸ್ ಹೆಂಗಸರಿಗೇ ಹೆಚ್ಚು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಮಾತ್ರ ಈ ತೊಂದರೆ ಹೇಳಿಕೊಂಡು ಬರುವವರಲ್ಲಿ ಗಂಡಸರೇ ಜಾಸ್ತಿ. ಹಾಗಾದರೆ ಭಾರತದ ಹೆಣ್ಣುಮಕ್ಕಳ ಕರುಳು ಕಬ್ಬಿಣದ್ದೇ?

ಮನೆ ಬಾಗಿಲಿಗೆ ಹೋಗಿ ಕೇಳಿದಾಗ ಚಿತ್ರ ಬೇರೆಯಾಯಿತು. ದೆಹಲಿಯ ಏಮ್ಸ್ ತಜ್ಞರು ಹರಿಯಾಣದ ಬಲ್ಲಭಗಢದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರು ಗಂಡಸರಿಗೆ 3.2, ನೂರು ಹೆಂಗಸರಿಗೆ 4.8 ಮಂದಿಯಲ್ಲಿ ಐಬಿಎಸ್ ಕಂಡಿತು. ಅದಕ್ಕೂ ಮೊದಲು, 2008ರಲ್ಲಿ, ಭಾರತೀಯ ಜಠರ–ಕರುಳು ತಜ್ಞರ ಸಂಘದ ಕಾರ್ಯಪಡೆ ದೇಶದ ಹಲವು ಕಡೆ 4,500 ಜನಸಾಮಾನ್ಯರನ್ನು ಕೇಳಿದಾಗ ನೂರಕ್ಕೆ 4.2 ಮಂದಿಗೆ ಇತ್ತು. ಅಲ್ಲಿ ಗಂಡು–ಹೆಣ್ಣು ಹೆಚ್ಚುಕಡಿಮೆ ಸಮ ಸಮ.

ಅಂದರೆ ಆಸ್ಪತ್ರೆಯ ಸಾಲಿನಲ್ಲಿ ಕಾಣುವುದು ರೋಗ ಇದ್ದವರೆಲ್ಲರೂ ಅಲ್ಲ, ಆ ಸಾಲಿನವರೆಗೆ ಬರೋಕೆ ಆದವರು. ಒಂದು ದಿನದ ಸಂಬಳ ಕಳೆದುಕೊಳ್ಳೋಕೆ ಆಗದವಳು, ‘ನಿನಗೇನಾಗಿದೆ ಧಾಡಿ’ ಅನ್ನಿಸಿಕೊಂಡವಳು, ಗಂಡಸು ಡಾಕ್ಟರ ಮುಂದೆ ಮೋಷನ್ ವಿಷಯ ಹೇಗಪ್ಪಾ ಹೇಳಲಿ ಅಂತ ನಾಚಿಕೊಂಡವಳು – ಇವರೆಲ್ಲ ಸಾಲಿನಲ್ಲಿ ಇರೋದೇ ಇಲ್ಲ.

ಬಾಗಿಲಿಗೆ ಬಂದು ಕೇಳಿದರೂ ಹೇಳುತ್ತೇವೆಯೇ? 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ಗಣತಿದಾರರು 60 ಪ್ರಶ್ನೆ ಹಿಡಿದು ನಿಮ್ಮ ಮನೆಗೂ ಬಂದಿರಬಹುದು. ನೆನಪು ಮಾಡಿಕೊಳ್ಳಿ. ಹಾಲ್‌ನಲ್ಲಿ ಕೂತು ಉತ್ತರ ಹೇಳಿದವರು ಯಾರು? ಯಜಮಾನರೋ, ಮಾವನವರೋ? ನೀವು ಕಾಫಿ ತಂದುಕೊಟ್ಟು ಬಾಗಿಲ ಪಕ್ಕ ನಿಂತಿದ್ದಿರಿ ತಾನೇ? ಅಂಥ ಹಾಲ್‌ನಲ್ಲಿ ‘ಕಕ್ಕಸಿಗೆ ಹೋಗಿ ಬಂದ ಮೇಲೆ ನೋವು ಕಡಿಮೆ ಆಗುತ್ತಾಮ್ಮಾ?’ ಅಂತ ಯಾರಾದರೂ ಕೇಳಿದರೆ, ಅತ್ತೆ–ಮಾವನ ಎದುರು ಬಾಯಿಬಿಡುವ ಸೊಸೆ ಎಷ್ಟು ಜನ?

33 ದೇಶಗಳ ಆ ಅಧ್ಯಯನದಲ್ಲೂ ಈ ಅಂತರ ಎದ್ದು ಕಾಣುತ್ತೆ. ಹೊಸ ಮಾನದಂಡದ ಪ್ರಕಾರ ಇಂಟರ್ನೆಟ್‌ನಲ್ಲಿ ನೂರಕ್ಕೆ 4.1 ಇದ್ದ ಐಬಿಎಸ್, ಭಾರತದಂಥ ದೇಶಗಳಲ್ಲಿ ಮನೆಮನೆಗೆ ಹೋಗಿ ಎದುರು ಕೂತು ಕೇಳಿದಾಗ 1.5ಕ್ಕೆ ಇಳಿಯಿತು. ದೇಶ ಬೇರೆ, ಊಟ ಬೇರೆ, ಇಂಟರ್ನೆಟ್ ಇರುವವರ ಬದುಕೂ ಬೇರೆ, ನಿಜ. ಅದಕ್ಕೇ ಎರಡನ್ನೂ ನೇರವಾಗಿ ಹೋಲಿಸಬೇಡಿ ಅಂತ ಆ ಸಂಶೋಧಕರೇ ಹೇಳಿದ್ದಾರೆ. ಆದರೆ ಯಾರೂ ನೋಡದಿದ್ದಾಗ ಬರೆಯುವ ಉತ್ತರಕ್ಕೂ ಹತ್ತು ಕಿವಿಗಳ ಮುಂದೆ ಹೇಳುವ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ಹೆಂಗಸರಾದ ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಲೆಕ್ಕ ಯಾಕೆ ಬೇಕು?

‘ಎಷ್ಟು ಜನಕ್ಕಿದ್ದರೆ ನನ್ನ ಹೊಟ್ಟೆ ವಾಸಿ ಆಗುತ್ತಾ?’ ಅಂತ ಕೇಳಬಹುದು. ಆಗೋದಿಲ್ಲ. ಆದರೆ ಲೆಕ್ಕಕ್ಕೆ ಬಾರದ ನೋವಿಗೆ ದುಡ್ಡೂ ಇಲ್ಲ, ಗಮನವೂ ಇಲ್ಲ. ಕುಟುಂಬ ಆರೋಗ್ಯ ಸಮೀಕ್ಷೆಯವರು ತಾಯಿಯನ್ನು ಕೂರಿಸಿಕೊಂಡು ‘ಕಳೆದ ಎರಡು ವಾರದಲ್ಲಿ ಮಗುವಿಗೆ ಬೇಧಿ ಆಗಿತ್ತೇ?’ ಅಂತ ಕೇಳುತ್ತಾರೆ. ಒಳ್ಳೆಯದು, ಆ ಪ್ರಶ್ನೆಯಿಂದ ಎಷ್ಟೋ ಮಕ್ಕಳ ಜೀವಕ್ಕೆ ದಾರಿಯಾಗಿದೆ. ಆದರೆ ಅದೇ ತಾಯಿಗೆ ‘ನಿಮ್ಮ ಹೊಟ್ಟೆ ಹೇಗಿದೆ?’ ಅನ್ನುವ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ.

ಲೆಕ್ಕ ಇಟ್ಟರೆ ಏನು ಸಿಗುತ್ತೆ ಅನ್ನುವುದಕ್ಕೆ ದೂರದ ಕೆನಡಾದ ಒಂದು ಪುಟ್ಟ ಊರು ಸಾಕ್ಷಿ. ವಾಕರ್ಟನ್ ಅಂತ. 2000ದ ಮೇ ತಿಂಗಳಲ್ಲಿ ಅಲ್ಲಿನ ಕುಡಿಯುವ ನೀರಿಗೆ ಸಗಣಿಯ ಕ್ರಿಮಿ ಸೇರಿ ಸುಮಾರು 2,300 ಮಂದಿ ಕಾಯಿಲೆ ಬಿದ್ದರು, ಏಳು ಜನ ತೀರಿಕೊಂಡರು. ಅಲ್ಲಿಯ ವೈದ್ಯರು ಬೇಧಿ ನಿಂತಿತಲ್ಲ ಅಂತ ಕೈ ತೊಳೆದುಕೊಳ್ಳಲಿಲ್ಲ. ವರ್ಷಗಟ್ಟಲೆ ಅದೇ ಜನರನ್ನು ಕೇಳುತ್ತಾ ಹೋದರು. ಎರಡು ಮೂರು ವರ್ಷಗಳ ನಂತರ ನೋಡಿದರೆ, ಆಗ ಕಾಯಿಲೆ ಖಚಿತವಾಗಿದ್ದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಐಬಿಎಸ್! ಕಾಯಿಲೆ ಬೀಳದವರಲ್ಲಿ ಹತ್ತರಲ್ಲಿ ಒಬ್ಬರಿಗೆ. ಒಂದು ಸಲದ ಕೆಟ್ಟ ಬೇಧಿ ಕರುಳಿನ ಸ್ವಭಾವವನ್ನೇ ಕೆಡಿಸಬಹುದು, ಅದರಲ್ಲೂ ಹೆಂಗಸರಿಗೆ ಈ ಅಪಾಯ ಹೆಚ್ಚು ಅನ್ನುವುದು ಇಂಥ ಲೆಕ್ಕಗಳಿಂದಲೇ ಗಟ್ಟಿಯಾಯಿತು.

ವೃಷಭಾವತಿ ಕಪ್ಪಗೆ ನೊರೆಯಾಗಿ ಹರಿಯುವುದನ್ನು ದಿನಾ ನೋಡುವ ನಾಯಂಡಹಳ್ಳಿಯವರಿಗೆ ಈ ಮಾತು ಬೇಗ ತಟ್ಟಬೇಕು. ಯಾವುದೇ ಬೀದಿಯಲ್ಲಿ ಕುಡಿಯುವ ನೀರಿಗೆ ಒಳಚರಂಡಿ ನೀರು ಸೇರಿ ವಾಂತಿ–ಬೇಧಿ ಆದರೆ, ಪೈಪು ರಿಪೇರಿಯಾದ ಮೇಲೂ ಆರು ತಿಂಗಳಿಗೊಮ್ಮೆ ಆ ಮನೆಗಳ ಹೆಂಗಸರನ್ನು ‘ಈಗ ಹೇಗಿದ್ದೀರಿ?’ ಅಂತ ಕೇಳಬೇಕು.

ನಮ್ಮ ಮಾತು ಇಷ್ಟೇ. ಮುಂದಿನ ಆರೋಗ್ಯ ಸಮೀಕ್ಷೆಯಲ್ಲಿ ಹೊಟ್ಟೆಯ ಬಗ್ಗೆಯೂ ನಾಲ್ಕು ಪ್ರಶ್ನೆ ಇರಲಿ. ಅವನ್ನು ಹೆಂಗಸೇ ಕೇಳಲಿ, ಹೆಂಗಸನ್ನು ಒಬ್ಬಳನ್ನೇ ಕೂರಿಸಿ ಕೇಳಲಿ, ‘ಗ್ಯಾಸ್ಟ್ರಿಕ್’ ಅಂದರೆ ‘ಅಂದರೆ ಏನಾಗುತ್ತೆ ಹೇಳಿ’ ಅಂತ ಬಿಡಿಸಿ ಕೇಳಲಿ. ನಮ್ಮ ಬೀದಿಯ ಆಶಾ ಕಾರ್ಯಕರ್ತೆಯರಿಗಿಂತ ಚೆನ್ನಾಗಿ ಈ ಕೆಲಸ ಮಾಡಬಲ್ಲವರು ಯಾರಿದ್ದಾರೆ? ಅದಕ್ಕೆ ತಕ್ಕ ತರಬೇತಿ, ತಕ್ಕ ಸಂಭಾವನೆಯೂ ಅವರಿಗೆ ಸಿಗಲಿ.

ನಿಮ್ಮ ಲೆಕ್ಕ ನೀವೇ ಬರೆಯಿರಿ

ಸರ್ಕಾರ ಕೇಳುವವರೆಗೆ ಕಾಯಬೇಕಿಲ್ಲ. ಹಾಲಿನ ಲೆಕ್ಕ, ಚೀಟಿಯ ಲೆಕ್ಕ ಬರೆಯುವ ಪುಸ್ತಕದಲ್ಲೇ ನಾಲ್ಕು ವಾರ ಹೊಟ್ಟೆಯ ಲೆಕ್ಕವನ್ನೂ ಬರೆದಿಡಿ.

* ನೋವು ಬಂದ ದಿನಕ್ಕೆ ಗುರುತು. ಮೋಷನ್ ಆದ ಮೇಲೆ ಕಡಿಮೆ ಆಯ್ತೇ, ಹೆಚ್ಚಾಯ್ತೇ?

* ದಿನಕ್ಕೆ ಎಷ್ಟು ಸಲ? ರೂಪ ಹೇಗಿತ್ತು? ಆಡಿನ ಹಿಕ್ಕೆಯಂತೆ ಗಟ್ಟಿಯೇ, ಬಾಳೆಹಣ್ಣಿನಂತೆ ನಯವೇ, ಗಂಜಿಯಂತೆಯೇ, ನೀರೇ? ನಾಚಿಕೆ ಬೇಡ. ವೈದ್ಯರು ಇದಕ್ಕೆಂದೇ 1997ರಿಂದ ಏಳು ಬಗೆಯ ಚಿತ್ರಪಟ ಬಳಸುತ್ತಿದ್ದಾರೆ!

* ತಿಂದದ್ದು, ನಿದ್ದೆ, ಟೆನ್ಷನ್, ಮುಟ್ಟಿನ ದಿನ. ಮುಟ್ಟಿನ ಆಸುಪಾಸು ಅನೇಕರಿಗೆ ಇದು ಹೆಚ್ಚಾಗುತ್ತೆ.

* ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಿದ ಮಾತ್ರೆಗಳು. ಇವನ್ನು ಮುಚ್ಚಿಡಲೇಬೇಡಿ.

ಈ ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಿ. ‘ಗ್ಯಾಸ್ಟ್ರಿಕ್’ ಅನ್ನುವ ಪದ ಮನೆಯಲ್ಲೇ ಬಿಟ್ಟು, ಆಗುವುದನ್ನು ಆಗುವ ಹಾಗೆ ಹೇಳಿ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಬೇಧಿ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ – ಇವುಗಳಲ್ಲಿ ಒಂದಿದ್ದರೂ ಪುಸ್ತಕ ತುಂಬಲಿ ಅಂತ ಕಾಯದೆ ಈಗಲೇ ಹೋಗಿ. ನಲವತ್ತೈದು ದಾಟಿದ ಮೇಲೆ ಮೋಷನ್‌ನ ರೀತಿ ಹೊಸದಾಗಿ ಬದಲಾಗಿದ್ದರೂ ಹಾಗೇ. ಐವತ್ತರ ಆಸುಪಾಸಿನಲ್ಲಿ ಮೊದಲ ಸಲ ಹೊಟ್ಟೆ ಉಬ್ಬರ ಶುರುವಾಗಿ ಹೋಗುತ್ತಲೇ ಇಲ್ಲ ಅಂದರೆ ಅಂಡಾಶಯದ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ‘ವಯಸ್ಸಾಯ್ತು, ಗ್ಯಾಸು’ ಅಂತ ಅದನ್ನು ತಳ್ಳಿಹಾಕಬಾರದು.

ಈಗ ನಾಯಂಡಹಳ್ಳಿಯ ಗೆಳತಿಗೆ ಉತ್ತರ. ನಿಮಗೊಬ್ಬರಿಗೇ ಅಲ್ಲಮ್ಮಾ. ನಿಮ್ಮ ಫ್ಲೋರ್‌ನಲ್ಲಿ 300 ಜನ ಹೊಲಿಯುತ್ತಾರೆ ಅಂದುಕೊಳ್ಳಿ. ನೂರಕ್ಕೆ 4ರ ಲೆಕ್ಕ ಹಿಡಿದರೂ ಹನ್ನೆರಡು ಮಂದಿ ನಿಮ್ಮ ಹಾಗೇ ತುಟಿ ಕಚ್ಚಿಕೊಂಡು ಟಾರ್ಗೆಟ್ ಮುಗಿಸುತ್ತಿರಬಹುದು. ಪಕ್ಕದ ಮೆಷಿನ್‌ನವಳನ್ನು ಒಂದು ದಿನ ಊಟದ ಹೊತ್ತಿನಲ್ಲಿ ಮೆಲ್ಲಗೆ ಕೇಳಿ ನೋಡಿ. ಒಬ್ಬಳೇ ಹೋಗಿ ‘ಟಾಯ್ಲೆಟ್‌ಗೆ ಬಿಡಿ’ ಅಂದರೆ ಸೂಪರ್‌ವೈಸರ್ ಗೊಣಗಬಹುದು. ಹನ್ನೆರಡು ಮಂದಿ ಸೇರಿ ಕೇಳಿದರೆ ಅದು ಹಕ್ಕಿನ ಮಾತು.

ಕೆಲಸ ಆತುರಕ್ಕೆ ಬಿಡಬೇಡಿ. ಊಟ, ನೀರು ಬಿಡುವುದಂತೂ ಬೇಡವೇ ಬೇಡ. ಅದರಿಂದ ಮಲ ಇನ್ನಷ್ಟು ಗಟ್ಟಿಯಾಗುತ್ತೆ, ಮೈಯೂ ಸೊರಗುತ್ತೆ. ಅರ್ಧ ಗಂಟೆ ಬೇಗ ಎದ್ದು, ಸ್ವಲ್ಪವೇ ತಿಂದು, ಹೊಟ್ಟೆಗೆ ಅದರ ಸಮಯ ಕೊಟ್ಟು ಹೊರಡಿ. ಹಾಲು, ಗೋಧಿ, ಈರುಳ್ಳಿ ಕೆಲವರಿಗೆ ಆಗೋದಿಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ ಬಿಡದೆ, ಡಾಕ್ಟರನ್ನು ಕೇಳಿ ಒಂದೊಂದಾಗಿ ಪರೀಕ್ಷಿಸಿ. ಇಸಬ್‌ಗೋಲ್‌ನಿಂದ ಹಿಡಿದು ಕರುಳಿನ ಸೆಳೆತ ಇಳಿಸುವ ಮಾತ್ರೆಯವರೆಗೆ ಚಿಕಿತ್ಸೆ ಇದೆ, ಮನಸ್ಸಿನ ಭಾರ ಇಳಿಸುವ ಸಲಹೆಯೂ ಚಿಕಿತ್ಸೆಯೇ. ಇದು ಬಂದು ಹೋಗಿ ಮಾಡುವ ತೊಂದರೆ, ಆದರೆ ಜೀವಕ್ಕೆ ಅಪಾಯವಿಲ್ಲ, ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ.

ಓದುತ್ತಿರುವ ನಿಮಗೂ ಒಂದು ಮಾತು. ನಾಳೆ ಯಾರಾದರೂ ಪಟ್ಟಿ ಹಿಡಿದು ನಿಮ್ಮ ಬಾಗಿಲಿಗೆ ಬಂದು ‘ಆರೋಗ್ಯ ಹೇಗಿದೆಯಮ್ಮಾ?’ ಅಂದರೆ, ಬಾಗಿಲ ಪಕ್ಕ ನಿಲ್ಲಬೇಡಿ. ಕುರ್ಚಿ ಎಳೆದುಕೊಂಡು ಕೂತು, ನಿಮ್ಮ ಉತ್ತರ ನೀವೇ ಹೇಳಿ. ಕಾಫಿ ಆಮೇಲೆ ಮಾಡಿದರಾಯ್ತು!